12345654321: ಆರರವರೆಗೆ ಏರಿ ಇಳಿಯುವ ಸಂಖ್ಯೆ

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಬಾಯಲ್ಲಿ ಹೇಳಿದರೆ ಯಾವುದೋ ಇಲಾಖೆಯ ಬಜೆಟ್ ಬಾಬ್ತಿನಂತೆ ಕೇಳಿಸುತ್ತದೆ. ಅಂಕಿಯಲ್ಲಿ ಬರೆದರೆ ಮಾತ್ರ ಅದರ ರೂಪ ಕಾಣುವುದು: 12345654321. ಒಂದರಿಂದ ಶುರುವಾಗಿ ಆರರವರೆಗೆ ಏರಿ, ಬಂದ ದಾರಿಯಲ್ಲೇ ಇಳಿಯುತ್ತದೆ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆಯನ್ನು ಹೆಚ್ಚುಕಡಿಮೆ ಹೀಗೆಯೇ ವರ್ಣಿಸಿದ್ದಾನೆ. ಆಗ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥ ಸಂಸ್ಕೃತದಲ್ಲಿದೆ, ಪದ್ಯರೂಪದಲ್ಲಿದೆ. ಆ ಕಾಲದ ಪದ್ಯಗಳಲ್ಲಿ ಅಂಕಿಗಳನ್ನು ಬಿಡಿಸ್ಥಾನದಿಂದ ಮೇಲಕ್ಕೆ ಹೇಳಿಕೊಂಡು ಹೋಗುವುದು ವಾಡಿಕೆ. ಈ ಸಂಖ್ಯೆಗೆ ಆ ಎಚ್ಚರವೂ ಬೇಡ, ಯಾವ ಕಡೆಯಿಂದ ಹೇಳಿದರೂ ಅದೇ.

ಮಹಾವೀರ ಕೊಡುವ ಗುಣಾಕಾರ ಇದು: 27994681 × 441. ಮಾಡಿ ನೋಡಿದರೆ ಉತ್ತರ 12345654321. ಇಂಥವು ಅವನಲ್ಲಿ ಇನ್ನೂ ಕೆಲವಿವೆ. ಉತ್ತರ ಮಣಿ ಪೋಣಿಸಿದಂತೆ ಬರುವುದರಿಂದ ಅವುಗಳನ್ನು ಕಂಠಿಕೆ ಎಂದು, ಅರಸನ ಕೊರಳಿನ ಹಾರ ಎಂದು ಕರೆಯುತ್ತಾನೆ. ಓದುಗರು ಸಾಮಾನ್ಯವಾಗಿ ಇಲ್ಲಿ ಬೆರಗಾಗಿ ಮುಂದಿನ ಪುಟಕ್ಕೆ ಹೋಗುತ್ತಾರೆ. ನನಗೆ ಕುತೂಹಲ ಇರುವುದು ಉತ್ತರದ ಬಗ್ಗೆ ಅಲ್ಲ, ಪ್ರಶ್ನೆಯ ಬಗ್ಗೆ. 27994681 ನೋಡಲು ಯಾವ ಚೆಲುವೂ ಇಲ್ಲದ ಸಂಖ್ಯೆ. ಅದು ಅವನ ಕೈಗೆ ಎಲ್ಲಿಂದ ಬಂತು? 441ನ್ನೇ ಏಕೆ ಹಿಡಿದ? ಏರಿಕೆ ಆರಕ್ಕೇ ಏಕೆ ನಿಂತಿತು, ಏಳಕ್ಕೋ ಒಂಬತ್ತಕ್ಕೋ ಏಕೆ ಹೋಗಲಿಲ್ಲ? ಉತ್ತರ ಹುಡುಕಲು ಕಂಪ್ಯೂಟರ್ ಬೇಡ. ಒಂದು ಹಾಳೆ, ಪೆನ್ಸಿಲ್ಲು, ಇಪ್ಪತ್ತರವರೆಗಿನ ಮಗ್ಗಿ ಸಾಕು.

ಮೊದಲು ಈ ಏರಿಳಿತದ ಮೂಲ. 111111ನ್ನು 111111ರಿಂದಲೇ ಗುಣಿಸಿ. ಶಾಲೆಯಲ್ಲಿ ಕಲಿತಂತೆ ಒಂದರ ಕೆಳಗೊಂದು ಸಾಲು ಬರೆಯುತ್ತ ಹೋದರೆ ಪ್ರತಿ ಸಾಲೂ 111111. ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಒಟ್ಟು ಆರು ಸಾಲು. ಈಗ ಕಂಬಸಾಲಿನಲ್ಲಿ ಕೂಡಿ. ಬಲತುದಿಯ ಕಂಬದಲ್ಲಿ ಒಂದೇ ಒಂದು 1. ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು. ನಡುವಿನ ಕಂಬದಲ್ಲಿ ಆರೂ ಸಾಲುಗಳು ಸೇರುತ್ತವೆ, ಮುಂದೆ ಒಂದೊಂದೇ ಸಾಲು ಮುಗಿಯುತ್ತ ಬರುತ್ತದೆ. 1, 2, 3, 4, 5, 6, 5, 4, 3, 2, 1. ಅಂದರೆ ನಮ್ಮ ಸಂಖ್ಯೆ 111111ರ ವರ್ಗ; ಅದರ ಅಂಕಿಗಳು ಆಯಾ ಕಂಬದಲ್ಲಿ ಎಷ್ಟು ಒಂದುಗಳು ಕೂಡಿದವು ಎಂಬುದರ ಲೆಕ್ಕವಷ್ಟೇ.

ಇದು ನಡೆಯುವುದು ದಶಕ ಬಾರದಿದ್ದಾಗ ಮಾತ್ರ. ಒಂಬತ್ತು ಒಂದುಗಳವರೆಗೆ ತೊಂದರೆಯಿಲ್ಲ: 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಬಂದಾಗ ನಡುವಿನ ಕಂಬದಲ್ಲಿ ಹತ್ತು ಕೂಡುತ್ತದೆ, ದಶಕ ಎಡಕ್ಕೆ ಹೋಗುತ್ತದೆ, ಅಲ್ಲಿದ್ದ ಒಂಬತ್ತೂ ಹತ್ತಾಗುತ್ತದೆ, ಅದರ ದಶಕ ಅದರಾಚೆಯ ಎಂಟನ್ನು ಒಂಬತ್ತು ಮಾಡುತ್ತದೆ. ಫಲ 1234567900987654321. ಬಲಗಡೆಯ ಇಳಿತ ಹಾಗೇ ಇದೆ, ಎಡಗಡೆಯ ಏರಿನಲ್ಲಿ ಎಂಟು ಮಾಯ. ಮಹಾವೀರನದೇ ಇನ್ನೊಂದು ಹಾರವಾದ 12345679 × 9 = 111111111 ಎಂಬುದರಲ್ಲೂ ಎಂಟು ಇಲ್ಲದಿರುವುದಕ್ಕೆ ಕಾರಣ ಇದೇ ದಶಕ.

ವರ್ಗ ಎಂಬುದು ಗೊತ್ತಾಯಿತು. ಈಗ ಸಂಖ್ಯೆಯನ್ನು ಒಡೆಯೋಣ. ದೊಡ್ಡ ಸಂಖ್ಯೆ ಕಂಡಾಗ ನಾನು ಮೊದಲು ಮಾಡುವ ಕೆಲಸ ಅದನ್ನು ಬಲದಿಂದ ಮೂರು ಮೂರು ಅಂಕಿಯ ತುಂಡು ಮಾಡುವುದು. ಕೋಟಿ, ಲಕ್ಷದ ಅಲ್ಪವಿರಾಮಗಳನ್ನು ಸ್ವಲ್ಪ ಹೊತ್ತು ಮರೆಯಿರಿ: 12 | 345 | 654 | 321. ಈ ನಾಲ್ಕು ತುಂಡುಗಳ ಮೇಲೆ ಎರಡು ಪರೀಕ್ಷೆ ಮಾಡಬಹುದು. ಒಂದು, ಎಲ್ಲವನ್ನೂ ಕೂಡುವುದು. ಇನ್ನೊಂದು, ಬಲದಿಂದ ಶುರುಮಾಡಿ ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋಗುವುದು.

ಎರಡನೆಯದನ್ನೇ ಮೊದಲು ನೋಡೋಣ, ಅದು ಹೆಚ್ಚು ಫಲ ಕೊಡುತ್ತದೆ. 321ರಿಂದ 654 ಕಳೆಯಿರಿ, 345 ಕೂಡಿ, 12 ಕಳೆಯಿರಿ. ಸೊನ್ನೆ! ಸೊನ್ನೆ ಬಂತೆಂದರೆ ಇಡೀ ಸಂಖ್ಯೆ 1001ರಿಂದ ಭಾಗ ಹೋಗುತ್ತದೆ. ಯಾಕೆಂದರೆ ಸಾವಿರ ಎಂಬುದು 1001ಕ್ಕೆ ಒಂದು ಕಡಿಮೆ; 1001ರ ಮಟ್ಟಿಗೆ ಸಾವಿರವನ್ನು −1 ಎಂದು ಎಣಿಸಬಹುದು, ಹತ್ತು ಲಕ್ಷವನ್ನು (ಸಾವಿರ ಸಾವಿರ) +1 ಎಂದು, ನೂರು ಕೋಟಿಯನ್ನು ಮತ್ತೆ −1 ಎಂದು. ಹಾಗಾಗಿ ತುಂಡುಗಳ ಚಿಹ್ನೆ ಒಂದು ಬಿಟ್ಟು ಒಂದು ಬದಲಾಗುತ್ತದೆ. 1001 ಬೇರೇನಲ್ಲ, 7 × 11 × 13. ಏಳಕ್ಕೆ, ಹನ್ನೊಂದಕ್ಕೆ, ಹದಿಮೂರಕ್ಕೆ ಬೇರೆ ಬೇರೆ ಸೂತ್ರ ಬಾಯಿಪಾಠ ಮಾಡಿಸುವ ಬದಲು ಶಾಲೆಗಳಲ್ಲಿ ಇದೊಂದನ್ನು ಹೇಳಿಕೊಟ್ಟರೆ ಮೂರೂ ಒಂದೇ ಏಟಿಗೆ ಮುಗಿಯುತ್ತವೆ. ಉತ್ತರ ಸೊನ್ನೆಯೇ ಆಗಬೇಕೆಂದಿಲ್ಲ. ಉಳಿದ ಚಿಕ್ಕ ಸಂಖ್ಯೆಯನ್ನು ಈ ಮೂರರಲ್ಲಿ ಯಾವುದು ಭಾಗಿಸುತ್ತದೋ ಅದು ಇಡೀ ಸಂಖ್ಯೆಯನ್ನೂ ಭಾಗಿಸುತ್ತದೆ.

ಇನ್ನು ಕೂಡುವ ಪರೀಕ್ಷೆ. 12 + 345 + 654 + 321 = 1332. ಮತ್ತೆ ತುಂಡು ಮಾಡಿ ಕೂಡಿ: 1 + 332 = 333. ಇಲ್ಲಿ ಆಧಾರ 999. ಸಾವಿರ ಅದಕ್ಕಿಂತ ಒಂದು ಹೆಚ್ಚು, ಆದ್ದರಿಂದ ಎಲ್ಲ ತುಂಡುಗಳೂ ಕೂಡುವ ಚಿಹ್ನೆಯವೇ. 999 = 27 × 37. ನಮಗೆ ಬಂದ 333 ಎಂದರೆ 9 × 37. ಅಲ್ಲಿಗೆ 12345654321 ಒಂಬತ್ತರಿಂದಲೂ ಮೂವತ್ತೇಳರಿಂದಲೂ ಭಾಗ ಹೋಗುತ್ತದೆ, 27ರಿಂದ ಹೋಗುವುದಿಲ್ಲ. ಒಂಬತ್ತರ ಮಟ್ಟಿಗೆ ಅಂಕಿಗಳನ್ನು ಬಿಡಿಬಿಡಿಯಾಗಿ ಕೂಡಿದರೂ ಆಗುತ್ತಿತ್ತು, ಮೊತ್ತ 36.

ಹೀಗೆ 3, 7, 11, 13, 37 ಕೈಗೆ ಸಿಕ್ಕವು. ಐದನ್ನೂ ಗುಣಿಸಿ ನೋಡಿ, ಸರಿಯಾಗಿ 111111. ಅದರ ವರ್ಗವೇ ನಮ್ಮ ಸಂಖ್ಯೆಯಾದ್ದರಿಂದ ಅದರೊಳಗೆ ಈ ಐದೂ ಅವಿಭಾಜ್ಯಗಳು ಎರಡೆರಡು ಸಲ ಇವೆ, ಆರನೆಯದೊಂದು ಇಲ್ಲ. ಹನ್ನೊಂದು ಅಂಕಿಯ ಸಂಖ್ಯೆ ಇಷ್ಟು ಚಿಕ್ಕ ತುಂಡುಗಳಾಗಿ ಒಡೆಯುವುದು ಅಪರೂಪ. ಒಡೆದ ಮೇಲೆ ಉಳಿದ ಗುಣಗಳು ತಾವಾಗಿ ಬರುತ್ತವೆ. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ಎಷ್ಟು? ಪ್ರತಿ ಅವಿಭಾಜ್ಯವನ್ನೂ ಒಂದೂ ಸಲ ತೆಗೆದುಕೊಳ್ಳದೆ, ಒಂದು ಸಲ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಮೂರು ಆಯ್ಕೆ, ಐದು ಅವಿಭಾಜ್ಯ, ಅಂದರೆ 3ನ್ನು ಐದು ಸಲ ಗುಣಿಸಿ 243. ಬೆಸಸಂಖ್ಯೆ ಬಂದಿದ್ದು ಆಕಸ್ಮಿಕವಲ್ಲ. ಭಾಜಕಗಳು ಜೋಡಿ ಜೋಡಿಯಾಗಿ ಇರುತ್ತವೆ. ವರ್ಗಸಂಖ್ಯೆಯಲ್ಲಿ ಮಾತ್ರ ವರ್ಗಮೂಲಕ್ಕೆ ಜೋಡಿ ಅದೇ. ಇಲ್ಲಿ 121 ಜೋಡಿ, ಜೊತೆಗೆ ಒಂಟಿಯಾಗಿ 111111.

ಮಹಾವೀರ ಆರಿಸಿಕೊಂಡಿದ್ದು ಈ 121 ಜೋಡಿಗಳಲ್ಲಿ ಒಂದನ್ನು. 441 ಎಂದರೆ 21ರ ವರ್ಗ, 21 ಎಂದರೆ 3 × 7. ಉಳಿದ 11, 13, 37ನ್ನು ಗುಣಿಸಿದರೆ 5291. ಅದರ ವರ್ಗವೇ ಆ ಚೆಲುವಿಲ್ಲದ 27994681. ಮೂರನ್ನೂ ಏಳನ್ನೂ ಒಂದು ಕಡೆ ಎತ್ತಿಟ್ಟು, ಉಳಿದುದನ್ನು ಇನ್ನೊಂದು ಕಡೆ ಇಟ್ಟಿದ್ದಾನೆ ಅಷ್ಟೆ. ಬೇಕಿದ್ದರೆ ನಮ್ಮ ಪರೀಕ್ಷೆಯನ್ನೇ ಹಚ್ಚಿ: 27 | 994 | 681. ಕೂಡಿ ಕಳೆದರೆ 681 − 994 + 27 = −286. ಇದರಲ್ಲಿ 11 ಇದೆ, 13 ಇದೆ, 7 ಇಲ್ಲ. ಬರೀ ಕೂಡಿದರೆ 1702, ಅಂದರೆ 46 × 37, ಮೂವತ್ತೇಳಿದೆ, ಮೂರಿಲ್ಲ. ಯಾವುದು ಇಲ್ಲಿ ಇಲ್ಲವೋ ಅದು 441ರಲ್ಲಿದೆ. ಪ್ರಶ್ನೆ ಉತ್ತರದಿಂದ ಹಿಂದಕ್ಕೆ ಹುಟ್ಟಿದೆ, ಒಳ್ಳೆಯ ಲೆಕ್ಕದ ಮೇಷ್ಟ್ರು ಇಂದಿಗೂ ಮಾಡುವಂತೆ.

ಬೇರೆ ಜೋಡಿ ಆರಿಸಿದ್ದರೆ ಗುಟ್ಟು ಬಯಲಾಗುತ್ತಿತ್ತು. 3 ಮತ್ತು 37ನ್ನು ಒಂದು ಕಡೆ, 7, 11, 13ನ್ನು ಇನ್ನೊಂದು ಕಡೆ ಇಡಿ. ಆಗ 111ರ ವರ್ಗ 12321, 1001ರ ವರ್ಗ 1002001. ಗುಣಾಕಾರ 12321 × 1002001. ಇದನ್ನು ಮನಸ್ಸಿನಲ್ಲೇ ಮಾಡಬಹುದು: 12321, ಅದರ ಇಮ್ಮಡಿ 24642 ಮೂರು ಮನೆ ಎಡಕ್ಕೆ, ಮತ್ತೆ 12321 ಆರು ಮನೆ ಎಡಕ್ಕೆ. ಮೂರನ್ನೂ ಕೂಡಿದರೆ 12345654321. ಇದು ಹೆಚ್ಚು ಚಂದ ಎಂದು ನನಗನ್ನಿಸುತ್ತದೆ, ಆದರೆ ಒಗಟಾಗಿ ಸಪ್ಪೆ. ಎರಡೂ ಕಡೆ ಹಾರವೇ ಕಂಡರೆ ಉತ್ತರ ಹಾರವಾಗಿ ಬಂದಾಗ ಯಾರು ಬೆರಗಾಗುತ್ತಾರೆ?

ತುಂಡು ಮಾಡುವ ಪರೀಕ್ಷೆಗಳಿಗೆ ಒಗಟಿನಾಚೆಯೂ ಕೆಲಸವಿದೆ. ಲೆಕ್ಕ ಬರೆಯುವವರು ಅವಸರದಲ್ಲಿ 4725ನ್ನು 4275 ಎಂದು ಬರೆಯುವುದು ಸಾಮಾನ್ಯ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗ ಹೋಗುತ್ತದೆ, ಇಲ್ಲಿ 450. ಜಮಾಖರ್ಚು ತಾಳೆಯಾಗದೆ ಉಳಿದ ಮೊತ್ತ 9ರಿಂದ ಭಾಗ ಹೋದರೆ ಅನುಭವಸ್ಥರು ಮೊದಲು ಹುಡುಕುವುದು ಇಂಥ ಅದಲುಬದಲನ್ನೇ. ಇದೇ ಕಾರಣಕ್ಕೆ ಅಂಕಿಗಳನ್ನು ಕೂಡಿ ಒಂಬತ್ತರಿಂದ ತಾಳೆ ನೋಡುವ ಹಳೆಯ ಕ್ರಮಕ್ಕೆ ಈ ತಪ್ಪು ಕಾಣಿಸುವುದೇ ಇಲ್ಲ, ಮೊತ್ತ ಅದೇ ಇರುತ್ತದಲ್ಲ. ಹನ್ನೊಂದಕ್ಕೆ ಕಾಣಿಸುತ್ತದೆ. 2007ಕ್ಕೆ ಮುಂಚಿನ ಪುಸ್ತಕಗಳ ಬೆನ್ನಿನ ಮೇಲಿರುವ ಹತ್ತಂಕಿಯ ಐಎಸ್‌ಬಿಎನ್‌ನಲ್ಲಿ ಕೊನೆಯ ಅಂಕಿಯನ್ನು ಹನ್ನೊಂದರ ಲೆಕ್ಕದಲ್ಲಿ ಕಟ್ಟುತ್ತಿದ್ದುದು ಇಂಥ ತಪ್ಪು ಹಿಡಿಯುವುದಕ್ಕೇ. ಕೆಲವೊಮ್ಮೆ ಆ ಜಾಗದಲ್ಲಿ ‘ಎಕ್ಸ್’ ಅಕ್ಷರ ಇರುವುದನ್ನು ನೋಡಿರಬಹುದು. ಶೇಷ ಹತ್ತು ಬಂದಾಗ ಒಂದೇ ಮನೆಯಲ್ಲಿ ಬರೆಯಲು ರೋಮನ್ ಹತ್ತನ್ನು ಎರವಲು ತಂದರು.

ಮಹಾವೀರನ ಉಳಿದ ಹಾರಗಳೂ ಹೀಗೆಯೇ ಬಿಚ್ಚಿಕೊಳ್ಳುತ್ತವೆ. 142857143 × 7 = 1000000001. ಒಂದನ್ನು ಏಳರಿಂದ ಭಾಗಿಸಿದರೆ 142857 ಮತ್ತೆ ಮತ್ತೆ ಬರುವುದು ಗೊತ್ತಿದ್ದವರಿಗೆ ಇಲ್ಲಿನ 142857 ಥಟ್ಟನೆ ಕಣ್ಣಿಗೆ ಬೀಳುತ್ತದೆ. ನೂರು ಕೋಟಿಯನ್ನು ಏಳರಿಂದ ಭಾಗಿಸಿದರೆ 142857142 ಬಂದು 6 ಉಳಿಯುತ್ತದೆ. ಒಂದು ಸೇರಿಸಿದರೆ ಏಳು ಪೂರ್ತಿಯಾಯಿತು. ಅದಕ್ಕೇ ಉತ್ತರದ ತುದಿಯಲ್ಲೊಂದು ಒಂದು, ಮೊದಲಲ್ಲೊಂದು ಒಂದು. 14287143 × 7 = 100010001 ಎಂಬುದು ಇನ್ನೂ ಚತುರ. ಏಳರ ಮಟ್ಟಿಗೆ ಹತ್ತು ಸಾವಿರ ಎಂದರೆ 4, ಹತ್ತು ಕೋಟಿ ಎಂದರೆ 2, ಒಂದು ಎಂದರೆ 1. ಮೂರೂ ಸೇರಿ ಏಳು.

152207 × 73 = 11111111 ಎಂಬ ಹಾರ ನಮ್ಮ ಹಣದ ವ್ಯವಹಾರದ ಹತ್ತಿರಕ್ಕೇ ಬರುತ್ತದೆ. ಎಂಟು ಒಂದುಗಳ ಈ ಸಂಖ್ಯೆ 1111 × 10001. ಹತ್ತು ಸಾವಿರದ ಒಂದು ಒಡೆಯುವುದು 73 × 137 ಎಂದು. ಈಗ ವರ್ಷದ ದಿನ ಲೆಕ್ಕ ಹಾಕಿ, 365 = 5 × 73. ಒಂದು ಲಕ್ಷ ರೂಪಾಯಿಗೆ ಶೇಕಡ 7ರಂತೆ ವರ್ಷಕ್ಕೆ 7000 ಬಡ್ಡಿ, ದಿನಕ್ಕೆ 7000 ಭಾಗಿಸು 365. ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿದರೆ 19.178082191780821 ಹೀಗೆ ಬರುತ್ತದೆ. ಬಿಂದುವಿನಾಚೆ 17808219 ಎಂಬ ಎಂಟಂಕಿಯ ಗೊಂಚಲು ಸುತ್ತುತ್ತಿದೆ. ಬಡ್ಡಿದರ ಎಷ್ಟೇ ಇರಲಿ, ಅಸಲು ಎಷ್ಟೇ ಇರಲಿ, 365ರಿಂದ ಭಾಗಿಸಿದಾಗ ಭಿನ್ನ ಉಳಿದರೆ ಕೊನೆಗೆ ಸುತ್ತು ಎಂಟಂಕಿಯನ್ನು ಮೀರದು, ಏಕೆಂದರೆ ಎಂಟು ಒಂಬತ್ತುಗಳ 99999999 ಎಪ್ಪತ್ತಮೂರರಿಂದ ಭಾಗ ಹೋಗುತ್ತದೆ. ಅಧಿಕ ವರ್ಷದಲ್ಲಿ 366ರಿಂದ ಭಾಗಿಸಿದರೆ ಕಥೆಯೇ ಬೇರೆ. 366ರೊಳಗೆ 61 ಕೂತಿದೆ, ಅದರ ಸುತ್ತು 60 ಅಂಕಿಯದು. ಪೈಸೆಗೆ ಪೂರ್ಣಾಂಕ ಮಾಡುವ ಬ್ಯಾಂಕಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ.

ಈಗ ಉಳಿದ ಪ್ರಶ್ನೆ: ಏಕೆ ಆರು? ಮಹಾವೀರ ಕಾರಣ ಹೇಳಿಲ್ಲ, ಮುಂದಿನದು ನನ್ನ ಊಹೆ. ಆದರೆ ಸಂಖ್ಯೆಗಳೇ ಅದರ ಪರವಾಗಿ ಸಾಕ್ಷಿ ಹೇಳುತ್ತವೆ. ಆರನ್ನು 2 ಮತ್ತು 3 ಭಾಗಿಸುವುದರಿಂದ 111111ನ್ನು 11 ಹಾಗೂ 111 ಭಾಗಿಸಲೇಬೇಕು. ಆರು ಒಂದುಗಳನ್ನು ಎರಡೆರಡಾಗಿಯೂ ಮೂರು ಮೂರಾಗಿಯೂ ಸಮನಾಗಿ ಕತ್ತರಿಸಬಹುದಲ್ಲ. ಒಂದುಗಳ ಎಣಿಕೆ ಅವಿಭಾಜ್ಯವಾದರೆ ಹೀಗೆ ಕತ್ತರಿಸಲು ದಾರಿಯಿಲ್ಲ. ಐದು ಒಂದುಗಳ 11111 = 41 × 271. ಏಳು ಒಂದುಗಳ 1111111 = 239 × 4649, ಎರಡೂ ಅವಿಭಾಜ್ಯ. ಏಳರವರೆಗೆ ಏರುವ 1234567654321ಕ್ಕೆ ಇಂಥದೇ ಪ್ರಶ್ನೆ ಕಟ್ಟಬೇಕೆಂದರೆ 57121 × 21613201 ಎಂದು ಕೊಡಬೇಕು. ಶಿಷ್ಯರು ಗುಣಿಸುವ ಮೊದಲೇ ಎದ್ದುಹೋಗುತ್ತಾರೆ. ಆ ಸಂಖ್ಯೆಗೆ ಇರುವ ಭಾಜಕಗಳೇ ಒಂಬತ್ತು, ನಮ್ಮದಕ್ಕೆ 243. ಎಂಟು ಒಂದುಗಳು 11, 73, 101, 137 ಎಂದು ಚೆನ್ನಾಗಿಯೇ ಒಡೆಯುತ್ತವೆ, ಆದರೆ ತುಂಡುಗಳು ದಪ್ಪ. ಒಂಬತ್ತರಲ್ಲಿ 333667 ಎಂಬ ಒಡೆಯದ ಗಟ್ಟಿ ತುಂಡೊಂದಿದೆ. ಇನ್ನೂ ಮುಂದೆ ಹೋದರೆ ಹತ್ತೊಂಬತ್ತು ಒಂದುಗಳ ಸಂಖ್ಯೆ ಒಡೆಯುವುದೇ ಇಲ್ಲ, ಅದೇ ಅವಿಭಾಜ್ಯ; ಇಪ್ಪತ್ತಮೂರು ಒಂದುಗಳದ್ದೂ ಹಾಗೇ, ಅದರ ನಂತರದ್ದು 317 ಒಂದುಗಳದ್ದು. ಸಣ್ಣ ಅವಿಭಾಜ್ಯಗಳ ಸಮೃದ್ಧಿ ಬೇಕು, ಗುಣಾಕಾರ ಕೈಮೀರಬಾರದು ಎಂದರೆ ಆರಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮಹಾವೀರ ಅದೇ ಗ್ರಂಥದಲ್ಲಿ ಲಂಬಕೋನ ತ್ರಿಭುಜಗಳನ್ನು ಹುಟ್ಟಿಸುವ ವಿಧಾನವನ್ನೂ ಹೇಳಿದ್ದಾನೆ. ಬೀಜ ಎಂದು ಎರಡು ಸಂಖ್ಯೆ ಹಿಡಿಯುವುದು. ಅವುಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಇಮ್ಮಡಿ ಇನ್ನೊಂದು, ವರ್ಗಗಳ ಮೊತ್ತ ವಿಕರ್ಣ. 12345654321 ವರ್ಗಸಂಖ್ಯೆ ತಾನೆ? ಹಾಗಾದರೆ 111111 ವಿಕರ್ಣವಾಗುವ ಪೂರ್ಣಾಂಕ ಬಾಹುಗಳ ತ್ರಿಭುಜಗಳಿವೆಯೇ ಎಂದು ಕೇಳಬಹುದು. ಇದನ್ನು ನಿರ್ಧರಿಸುವುದು ಮತ್ತೆ ಆ ಐದು ಅವಿಭಾಜ್ಯಗಳೇ. ಬೆಸ ಅವಿಭಾಜ್ಯಗಳಲ್ಲಿ ನಾಲ್ಕರಿಂದ ಭಾಗಿಸಿದಾಗ ಶೇಷ 1 ಉಳಿಯುವವು ಮಾತ್ರ ಎರಡು ವರ್ಗಗಳ ಮೊತ್ತವಾಗಿ ಒಡೆಯುತ್ತವೆ. ಇಲ್ಲಿ ಅಂಥವು 13 ಮತ್ತು 37. 3, 7, 11 ಇವಕ್ಕೆ ಶೇಷ 3, ಅವು ತ್ರಿಭುಜವನ್ನು ಹಿಗ್ಗಿಸಲು ಮಾತ್ರ ಬರುತ್ತವೆ.

13 × 37 = 481. ಬೀಜ 16 ಮತ್ತು 15 ಹಿಡಿದರೆ 256 + 225 = 481, ಬಾಹುಗಳು 31 ಮತ್ತು 480. ಬೀಜ 20 ಮತ್ತು 9 ಹಿಡಿದರೂ 481, ಬಾಹುಗಳು 319 ಮತ್ತು 360. ಹದಿಮೂರರದೇ 5–12–13ನ್ನು 37ರಿಂದ ಹಿಗ್ಗಿಸಿದರೆ ಮೂರನೆಯದು, ಮೂವತ್ತೇಳರದೇ 12–35–37ನ್ನು 13ರಿಂದ ಹಿಗ್ಗಿಸಿದರೆ ನಾಲ್ಕನೆಯದು. ಇವೆಲ್ಲವನ್ನೂ 231ರಿಂದ (3 × 7 × 11) ಗುಣಿಸಿದರೆ ವಿಕರ್ಣ 111111 ಆಗುತ್ತದೆ. ನಾಲ್ಕೇ ತ್ರಿಭುಜ, ಐದನೆಯದಿಲ್ಲ. ಮೊದಲನೆಯದರ ಬಾಹುಗಳು 110880 ಮತ್ತು 7161. ನೋಡಲು ಏನೂ ವಿಶೇಷವಿಲ್ಲ. ನಾಲ್ಕನೆಯದರ ಬಾಹುಗಳು 36036 ಮತ್ತು 105105. ಒಂದರಲ್ಲಿ 36, ಇನ್ನೊಂದರಲ್ಲಿ 105, ವಿಕರ್ಣದಲ್ಲಿ 111, ಮೂರಕ್ಕೂ ಗುಣಕ ಅದೇ 1001. ಎರಡು ಬಾಹುಗಳನ್ನೂ ವರ್ಗ ಮಾಡಿ ಕೂಡಿದರೆ 1298593296 + 11047061025 = 12345654321.